ಎಂಟು ಜೋಲಿಗಳ ಆಂಜನಮ್ಮ

ಬೆಳಗಿನ ಐದೂ ಮುಕ್ಕಾಲು. ಜೀವನ್ ಬಿಮಾ ನಗರದ ಹಿಂಬದಿಯ ಓಣಿಯೊಂದರಲ್ಲಿ ಆಂಜನಮ್ಮ ಹತ್ತು ಕಿಲೋ ರಾಗಿಯ ಚೀಲವೊಂದನ್ನು ತಮ್ಮದೇ ಹಳೆಯ ಸೀರೆಯ ಜೋಲಿಯಲ್ಲಿ ಮಲಗಿಸಿ ತೂಗುತ್ತಿದ್ದಾರೆ. ಹತ್ತು ಸಲ ಜೋರಾಗಿ, ಹತ್ತು ಸಲ ನಿಧಾನವಾಗಿ. ಆಮೇಲೆ ಕಿವಿಯನ್ನು ಮೇಲಕ್ಕೆ ಕೊಟ್ಟು ಕೊಕ್ಕೆ ಕಿರುಗುಟ್ಟುತ್ತದೆಯೇ ಎಂದು ಕೇಳಿಸಿಕೊಳ್ಳುತ್ತಾರೆ. ಸದ್ದಿಲ್ಲ. ಚೀಲವನ್ನು ಎತ್ತಿ ಮಗುವಿನಂತೆ ಹೆಗಲಿಗೆ ಒರಗಿಸಿಕೊಂಡು ಮುಂದಿನ ಜೋಲಿಗೆ ಹೋಗುತ್ತಾರೆ.

ಮನೆಯ ನಡುಮನೆಯಲ್ಲಿ ಎರಡು ಕಬ್ಬಿಣದ ಗರ್ಡರ್. ಒಂದೊಂದಕ್ಕೆ ನಾಲ್ಕು ಕೊಕ್ಕೆ. ಒಟ್ಟು ಎಂಟು ಜೋಲಿ, ಎಂಟು ಕೂಸು. ಒಂಬತ್ತನೆಯದನ್ನು ಅವರು ಈವರೆಗೆ ಹಾಕಿಲ್ಲ. ಯಾಕೆ ಎಂದು ಕೇಳಿದರೆ ಗೋಡೆಗೆ ಬೆನ್ನು ಕೊಟ್ಟು ನಿಂತು ತೋರಿಸುತ್ತಾರೆ. "ಇಲ್ಲಿ ನಿಂತ್ರೆ ಎಂಟೂ ಮುಖ ಕಾಣುತ್ತೆ. ಒಂಬತ್ತನೇದು ಬೆನ್ನಿಂದೆ ಹೋಗುತ್ತೆ. ಬೆನ್ನಿಂದೆ ಇರೋ ಮಗೂನ ನೋಡ್ಕೋತೀನಿ ಅಂದ್ರೆ ಅದು ಸುಳ್ಳು ಮೇಡಂ."

ಮನೆಯ ಹೊರಗೆ ಬೋರ್ಡಿಲ್ಲ. ಗೋಡೆಯ ಮೇಲೆ ಮೊಲ, ಮಿಕ್ಕಿ ಮೌಸ್, ಬಣ್ಣದ ಬಲೂನು ಯಾವುದೂ ಇಲ್ಲ. ಓಣಿಯ ತುದಿಯ ಇಸ್ತ್ರಿ ಅಂಗಡಿಯಲ್ಲಿ "ಮಕ್ಕಳ ಆಂಜನಮ್ಮ" ಎಂದರೆ ಕೈ ತೋರಿಸುತ್ತಾರೆ, ಅಷ್ಟೇ. ಇಂದಿರಾನಗರದ ಗಾಜಿನ ಬಾಗಿಲಿನ ಡೇ ಕೇರ್‌ಗಳು ನಡೆಯಲು ಕಲಿತ ಮಕ್ಕಳನ್ನು ಸಂತೋಷವಾಗಿ ಸೇರಿಸಿಕೊಳ್ಳುತ್ತವೆ. ಕುತ್ತಿಗೆ ನಿಲ್ಲದ ಮೂರು ತಿಂಗಳ ಕೂಸನ್ನು ತಂದರೆ ಮುಖ ಮುಖ ನೋಡಿಕೊಳ್ಳುತ್ತವೆ. ಆಂಜನಮ್ಮ ತೆಗೆದುಕೊಳ್ಳುವುದೇ ಅಂಥವನ್ನು. ಮೂರು ತಿಂಗಳಿನಿಂದ ಒಂದೂವರೆ ವರ್ಷದವರೆಗೆ. ಮಗು ಜೋಲಿಯಿಂದ ತಾನೇ ಇಳಿದು ಓಡತೊಡಗಿತೆಂದರೆ ಆ ಕೊಕ್ಕೆ ಖಾಲಿ.

ಆರೂ ಇಪ್ಪತ್ತಕ್ಕೆ ಮೊದಲ ಕೂಸು ಬರುತ್ತದೆ. ತಾಯಿ ಬಸ್ ಕಂಡಕ್ಟರ್, ಖಾಕಿ ಅಂಗಿ ಹಾಕಿಕೊಂಡೇ ಬಂದಿದ್ದಾಳೆ. ಕೂಸನ್ನು ಕೊಟ್ಟು, ಜೊತೆಗೆ ನಿನ್ನೆ ಉಟ್ಟಿದ್ದ ಹತ್ತಿಯ ಸೀರೆಯನ್ನೂ ಕೊಡುತ್ತಾಳೆ. ಇದು ಈ ಮನೆಯ ಪದ್ಧತಿ. ಪ್ರತಿ ಜೋಲಿಯೂ ಆಯಾ ತಾಯಿ ಉಟ್ಟು ಬಿಟ್ಟ ಬಟ್ಟೆಯದೇ ಆಗಿರಬೇಕು, ಒಗೆದು ತರುವಂತಿಲ್ಲ. "ಸೋಪಿನ ವಾಸ್ನೆಗೆ ಯಾವ ಮಗು ಮಲ್ಗುತ್ತೆ? ಅಮ್ಮನ ಬೆವರ ವಾಸ್ನೆ ಇದ್ರೆ ಅರ್ಧ ಕೆಲ್ಸ ಆ ಸೀರೇನೇ ಮಾಡುತ್ತೆ," ಎನ್ನುತ್ತಾರೆ. ಸೀರೆ ಉಡದವರು ದುಪ್ಪಟ್ಟ ತರುತ್ತಾರೆ. ಒಬ್ಬ ಬ್ಯಾಂಕ್ ಮ್ಯಾನೇಜರ್ ತಾಯಿ ತನ್ನ ಹಳೆಯ ನೈಟಿಗಳೆರಡನ್ನು ಬಿಚ್ಚಿ ಹೊಲಿಸಿ ತಂದಿದ್ದಾರೆ.

ಎಂಟೂವರೆಯ ಹೊತ್ತಿಗೆ ಎಂಟೂ ಭರ್ತಿ. ಆಮೇಲೆ ಈ ಮನೆಯಲ್ಲಿ ಯಾರಾದರೂ ಕುಳಿತರೆ ಅದು ಸುದ್ದಿ. ಕೂಸೊಂದಕ್ಕೆ ಐದರಿಂದ ಆರು ಸಲ ಹಾಲು. ತಾಯಂದಿರು ಹಿಂಡಿ ಕಳಿಸಿದ ಹಾಲಿನ ಬಾಟಲಿಗಳಿಗೆ ಫ್ರಿಜ್ಜಿನಲ್ಲಿ ಒಂದು ಇಡೀ ಅರೆ. ಆರು ತಿಂಗಳು ದಾಟಿದವರಿಗೆ ಮನೆಯಲ್ಲೇ ಮೊಳಕೆ ಕಟ್ಟಿ, ಒಣಗಿಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ರಾಗಿ ಸರಿ. ಹಾಲು ಕುಡಿಸುವ ಒಳಲೆಗಳು ಹದಿನಾರು, ದಿನಕ್ಕೆ ಎರಡು ಬಾರಿ ಕುದಿಯುವ ನೀರಿಗೆ ಬೀಳುತ್ತವೆ. ಲಂಗೋಟಿಗಳನ್ನು ಯಾರೂ ಎಣಿಸಿಲ್ಲ, ಐವತ್ತರ ಮೇಲೆ ಇರಬಹುದು ಎಂದು ಅವುಗಳನ್ನು ಒಣಹಾಕುವ ಮುನಿಆಂಜನಪ್ಪ ಅಂದಾಜು ಹೇಳುತ್ತಾರೆ. ಅವರು ಆಂಜನಮ್ಮನ ಗಂಡ. ಲಾರಿ ಓಡಿಸಿ ನಿವೃತ್ತರಾದವರು, ಈಗ ತಾರಸಿಯ ಹಗ್ಗಗಳಿಗೆ ಒಡೆಯರು. ಕೈಸಹಾಯಕ್ಕೆ ನಾದಿನಿ ಯಮುನಾ ಇದ್ದಾರೆ.

ಆಂಜನಮ್ಮನಿಗೆ ಈಗ ಐವತ್ತೊಂಬತ್ತು. ಮದುವೆಯಾಗಿ ಬಂದಾಗ ಈ ಮನೆಯ ಮುಂದೆ ಅವರದೇ ರಾಗಿ ಹೊಲ ಇತ್ತಂತೆ. ಈಗ ಅಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ಹೊಲ ಹೋದದ್ದಕ್ಕೆ ಅವರಿಗೆ ಅಂಥ ದುಃಖವೇನಿಲ್ಲ. "ಕಳೆ ಕೀಳೋದು ತಪ್ತು," ಎಂದು ನಗುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ ಅದೇ ಅಪಾರ್ಟ್‌ಮೆಂಟಿನ ಟೀಚರೊಬ್ಬರು, ಬಾಣಂತನಕ್ಕೆ ಬಂದಿದ್ದ ತಾಯಿ ಊರಿಗೆ ಹೊರಟುಹೋದಾಗ, ಅಳುತ್ತಾ ಮಗುವನ್ನು ತಂದು ಇವರ ಮಡಿಲಿಗೆ ಹಾಕಿದರು. ಅದು ಆರಂಭ. ಆ ಮಗು ಈಗ ಕಾಲೇಜಿನ ಹುಡುಗ, ರಸ್ತೆಯಲ್ಲಿ ಸಿಕ್ಕರೆ ನಾಚಿಕೊಂಡು ತಲೆ ತಗ್ಗಿಸಿ ಹೋಗುತ್ತಾನೆ. "ಅವನ ಕುಂಡಿ ತೊಳ್ದಿದೀನಲ್ಲ, ಅದಕ್ಕೆ ನಾಚ್ಕೆ," ಎಂಬುದು ಆಂಜನಮ್ಮನ ವಿವರಣೆ.

ನಾನು ಅವರನ್ನು ನೋಡಲು ಹೋದದ್ದು ಒಂದು ಸಣ್ಣ ಪ್ರಶ್ನೆ ಇಟ್ಟುಕೊಂಡು. ಕೆಲಸಕ್ಕೆ ಹೋಗುವ ಹೆಂಗಸು, ಹುಟ್ಟಲಿರುವ ಮಗುವನ್ನು ಮುಂದೆ ಯಾರು ನೋಡಿಕೊಳ್ಳಬೇಕು ಎಂದು ಯಾವಾಗಿನಿಂದ ವಿಚಾರಿಸಲು ಶುರು ಮಾಡಬೇಕು? ಈ ಪ್ರಶ್ನೆ ನನ್ನದೂ ಹೌದು. ನನ್ನ ಮಗಳಿಗೆ ಎರಡೂವರೆ ತಿಂಗಳಾಗಿದ್ದಾಗ ಬಾಣಸವಾಡಿಯ ಬೀದಿಗಳಲ್ಲಿ ಬಾಗಿಲು ಬಾಗಿಲು ತಟ್ಟಿ, ಎಲ್ಲ ಕಡೆಯೂ "ಮೊದ್ಲೇ ಹೇಳ್ಬೇಕಿತ್ತು" ಎಂದು ಕೇಳಿಸಿಕೊಂಡು ಬಂದವಳು ನಾನು. ಮೊದಲೇ ಹೇಳಲು ನಮ್ಮಲ್ಲಿ ಬಿಡುವವರು ಯಾರು? ಸೀಮಂತಕ್ಕೆ ಊರೆಲ್ಲ ಕರೆಯುತ್ತೇವೆ, ಹಸಿರು ಬಳೆ ತೊಡಿಸುತ್ತೇವೆ. ಮಗುವಿನ ಒಂದು ಚಡ್ಡಿ ಕೊಂಡರೆ ಮಾತ್ರ ಮನೆಯ ಹಿರಿಯರೆಲ್ಲ ಒಟ್ಟಿಗೆ ಹೌಹಾರುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಒಂದು ಗಾದೆಯನ್ನೇ ಮಾಡಿಟ್ಟುಕೊಂಡಿದ್ದೇವೆ.

ಪ್ರಶ್ನೆ ಕೇಳಿಸಿಕೊಳ್ಳುವಾಗಲೂ ಆಂಜನಮ್ಮನ ಕೈ ಜೋಲಿಯನ್ನು ತೂಗುತ್ತಲೇ ಇದೆ. "ಐದು ತಿಂಗ್ಳು ತುಂಬ್ತಿದ್ದಂಗೆ ಬರ್ಬೇಕು," ಎನ್ನುತ್ತಾರೆ. "ಆದ್ರೆ ಇದನ್ನ ಹೇಳೋ ಯೋಗ್ಯತೆ ನಂಗಿಲ್ಲ. ನಾನೇ ಒಬ್ಳನ್ನ ವಾಪಸ್ ಕಳ್ಸಿದೀನಿ."

ಆ ಒಬ್ಬಳ ಹೆಸರು ರಿಮ್ಶಾ. ಎರಡು ಓಣಿ ಆಚೆ ಮನೆ. ಇಂದಿರಾನಗರದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ತಾಯಿ ಇಲ್ಲ. ಅತ್ತೆ ಪರ್ವೀನ್ ಅವರಿಗೆ ಎರಡೂ ಮಂಡಿಗೆ ಆಪರೇಷನ್ ಆಗಿ ಮಂಚ ಬಿಟ್ಟೇಳಲು ಆಗುತ್ತಿರಲಿಲ್ಲ. ಗಂಡ ಮುನೀರ್‌ಗೆ ಶಿವಾಜಿನಗರದಲ್ಲಿ ಬ್ಯಾಗಿನ ಅಂಗಡಿ, ಬೆಳಿಗ್ಗೆ ಹೋದರೆ ರಾತ್ರಿಯೇ. ಲ್ಯಾಬಿನವರು ಬಾಯಿಮಾತಿನಲ್ಲಿ ಒಪ್ಪಿದ್ದು ಹೆರಿಗೆಯಾದ ಮೇಲೆ ಮೂರು ತಿಂಗಳ ರಜೆ. ಲೆಕ್ಕ ಹಾಕಿ, ಬುದ್ಧಿವಂತ ಹುಡುಗಿ, ಆರನೇ ತಿಂಗಳಲ್ಲೇ ಆಂಜನಮ್ಮನ ಬಾಗಿಲಿಗೆ ಬಂದಳು. ಇದು ಮೂರೂವರೆ ವರ್ಷದ ಹಿಂದಿನ ಮಾತು.

"ಬಂದೋಳು ಬ್ಯಾಗಿಂದ ಒಂದು ಹಸಿರು ದುಪ್ಪಟ್ಟ ತೆಗೆದ್ಳು ಮೇಡಂ," ಎಂದು ಆಂಜನಮ್ಮ ನೆನಪಿಸಿಕೊಳ್ಳುತ್ತಾರೆ. "ಯಾರೋ ಹೇಳಿದ್ರಂತೆ ನಮ್ಮಲ್ಲಿ ಅಮ್ಮನ ಬಟ್ಟೇನೇ ಕಟ್ಟೋದು ಅಂತ. 'ಆಂಟಿ, ನನ್ ಮಗೂಗೆ ಒಂದು ಜಾಗ ಇಟ್ಕೊಳಿ, ಬಟ್ಟೆ ಈಗ್ಲೇ ತಂದಿದೀನಿ' ಅಂದ್ಳು. ನಾನು ಕೆಂಡ ಮುಟ್ಟಿದಂಗೆ ಕೈ ಹಿಂದಕ್ಕೆ ತಗೊಂಡ್ಬಿಟ್ಟೆ. ಒಳಗಿಟ್ಕೊಳಮ್ಮ ಅದನ್ನ, ಕೂಸು ಹುಟ್ಟೋಕೆ ಮುಂಚೆ ಕುಲಾವೀನಾ, ಹೆತ್ತು ಹೆಸ್ರಿಟ್ಟು ಆಮೇಲೆ ಬಾ ಅಂತ ನಗ್ತಾ ನಗ್ತಾನೇ ಅಂದೆ. ಅವ್ಳೂ ನಕ್ಕಳು. ದುಪ್ಪಟ್ಟ ಮಡಿಸ್ಕೊಂಡು ಹೋದ್ಳು."

ಕೈ ಹಿಂದಕ್ಕೆ ತೆಗೆದುಕೊಂಡದ್ದಕ್ಕೆ ಕಾರಣ ಇತ್ತು. ಹನ್ನೆರಡು ವರ್ಷದ ಹಿಂದೆ ಅವರ ಮಗಳು ಧನಲಕ್ಷ್ಮಿ ಚೊಚ್ಚಲ ಬಸುರಿ. ಊರಿನ ಮಕ್ಕಳನ್ನೆಲ್ಲ ತೂಗಿದ ಕೈಗೆ ತನ್ನದೇ ಮೊಮ್ಮಗುವನ್ನು ತೂಗುವ ಆತುರ. ಏಳನೇ ತಿಂಗಳಲ್ಲೇ ಶಿವಾಜಿನಗರಕ್ಕೆ ಹೋಗಿ, ಬಣ್ಣ ಹಚ್ಚಿದ ಮರದ ತೊಟ್ಟಿಲು ಆರಿಸಿ, ಆಟೋದಲ್ಲಿ ಹೇರಿಸಿಕೊಂಡು ಬಂದರು. ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸು ಅಲುಗುವುದು ನಿಂತಿತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನ ಮನೆಯಲ್ಲಿ ಎಲ್ಲರೂ ತೊಟ್ಟಿಲನ್ನೇ ನೋಡಿದರು. ಮುನಿಆಂಜನಪ್ಪ ಅದನ್ನು ಅವತ್ತೇ ಎಲ್ಲಿಗೋ ಸಾಗಿಸಿದರು. ಯಾರಿಗೆ ಕೊಟ್ಟರೆಂದು ಇವತ್ತಿಗೂ ಹೆಂಡತಿಗೆ ಹೇಳಿಲ್ಲ.

"ಡಾಕ್ಟ್ರು ಬಿ.ಪಿ. ಜಾಸ್ತಿಯಾಗಿ ಹಿಂಗಾಯ್ತು ಅಂದ್ರು. ನಂಗೂ ಗೊತ್ತು ಬಿ.ಪಿ. ಅಂತ. ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ." ಧನಲಕ್ಷ್ಮಿ ಈಗ ಕೆ.ಆರ್. ಪುರದಲ್ಲಿ ಎರಡು ಮಕ್ಕಳ ತಾಯಿ, ಸುಖವಾಗಿದ್ದಾಳೆ. ಆದರೆ ಅವತ್ತಿನಿಂದ ಆಂಜನಮ್ಮ ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು. ಹುಟ್ಟದ ಮಗುವಿಗೆ ಜಾಗ ಹಿಡಿಯುವುದಿಲ್ಲ. ಬಸುರಿಯರು ಬಂದರೆ ನಗುತ್ತಾ ಗಾದೆ ಹೇಳಿ ಕಳಿಸುತ್ತಿದ್ದರು. ಬಂದವರು ಹಿರಿಯರ ಮಾತೆಂದು ಒಪ್ಪಿ ಹೋಗುತ್ತಿದ್ದರು. ಯಾರೊಬ್ಬರೂ ಅದರೊಳಗಿನ ಹೆದರಿಕೆ ಏನೆಂದು ಕೇಳಲಿಲ್ಲ, ಇವರೂ ಹೇಳಲಿಲ್ಲ.

ರಿಮ್ಶಾ ಹೇಳಿದಂತೆಯೇ ಹೆತ್ತು, ಉಮೈರ್ ಎಂದು ಹೆಸರಿಟ್ಟು, ಮಗುವಿಗೆ ಮೂರು ತಿಂಗಳು ತುಂಬಲು ಒಂದು ವಾರ ಇರುವಾಗ ಬಂದಳು. ಅವತ್ತು ಸೋಮವಾರ. ಎಂಟನೆಯ ಕೊಕ್ಕೆ ಹಿಂದಿನ ಗುರುವಾರವಷ್ಟೇ ಬೇರೊಂದು ಮಗುವಿಗೆ ಹೋಗಿತ್ತು. ನಾಲ್ಕು ದಿನದ ಅಂತರ. ಆಂಜನಮ್ಮ ಎರಡು ತಿಂಗಳು ತಡಿ ಅಂದರು. ಲ್ಯಾಬಿನವರು ಎರಡು ವಾರ ತಡೆದರು. ಆಮೇಲೆ ಕೊಕ್ಕೆ ಖಾಲಿಯಾಗುವವರೆಗೆಂದು ರಿಮ್ಶಾ ಯಾರೋ ಹೇಳಿದ ಹೆಂಗಸೊಬ್ಬಳನ್ನು ಮನೆಗೆ ಇಟ್ಟುಕೊಂಡಳು. ನಾಲ್ಕನೇ ದಿನ ಕೆಲಸದ ನಡುವೆ ಮನೆಗೆ ಬಂದರೆ ಮಗು ಒದ್ದೆಯಲ್ಲಿ ಅತ್ತು ಅತ್ತು ಗಂಟಲು ಕಟ್ಟಿ ಮಲಗಿತ್ತು, ಟಿವಿ ಓಡುತ್ತಿತ್ತು. ಮಾರನೇ ದಿನ ರಾಜೀನಾಮೆ ಕೊಟ್ಟಳು.

ಎರಡು ತಿಂಗಳಾದ ಮೇಲೆ ಒಂದು ಕೊಕ್ಕೆ ಖಾಲಿಯಾಯಿತು. ಆಂಜನಮ್ಮ ತಾವೇ ಚಪ್ಪಲಿ ಮೆಟ್ಟಿಕೊಂಡು ರಿಮ್ಶಾಳ ಮನೆಗೆ ಹೋದರು, ಸಿಹಿ ಸುದ್ದಿ ಕೊಡುವವರ ಹಾಗೆ. "ನಂಗೆ ಕೆಲ್ಸ ಬಿಟ್ಟಿದ್ದು ಗೊತ್ತೇ ಇರ್ಲಿಲ್ಲ ಮೇಡಂ. ಜಾಗ ಆಯ್ತು ಕಣಮ್ಮ, ನಾಳೆಯಿಂದ್ಲೇ ಕರ್ಕೊಂಡ್ಬಾ ಅಂದೆ. 'ಕೆಲ್ಸ ಹೋಯ್ತು ಆಂಟಿ, ಈಗ ನಾನೇ ಇದೀನಲ್ಲ ಮನೇಲಿ' ಅಂದ್ಳು. ಒಂದು ಮಾತು ಎತ್ತಿ ಆಡ್ಲಿಲ್ಲ. ಟೀ ಮಾಡ್ಕೊಟ್ಳು. ಬಿಸ್ಕತ್ ತಟ್ಟೇಲಿ ಇಟ್ಟು ಕೊಟ್ಳು. ಆ ಟೀ ಹೆಂಗೆ ನುಂಗಿದೆ ಅಂತ ನಂಗೊಬ್ಳಿಗೇ ಗೊತ್ತು."

ಆ ಟೀ ಕುಡಿದು ಬಂದ ಮೇಲೆ ಆಂಜನಮ್ಮ ಕಟ್ಟಳೆ ಮುರಿದರು. ಅಡುಗೆಮನೆಯ ಬಾಗಿಲ ಪಕ್ಕ ಈಗ ಪಂಚಾಂಗದ ಕ್ಯಾಲೆಂಡರ್ ಒಂದು ನೇತಾಡುತ್ತದೆ. ಬಸುರಿಯರು ಬಂದು ಹೇಳಿದರೆ, ಅವರು ಕೆಲಸಕ್ಕೆ ಮರಳುವ ತಿಂಗಳ ಮೇಲೆ ತಾಯಿಯ ಹೆಸರು ಬರೆಯುತ್ತಾರೆ, ಆ ಜಾಗ ಅವಳದೇ. ಬರೆಯುವುದು ಮುನಿಆಂಜನಪ್ಪ. ಆಂಜನಮ್ಮ ಏಳನೇ ಕ್ಲಾಸು ಓದಿದವರು, ಅಕ್ಷರ ಮುತ್ತಿನಂತೆ ಬರೆಯುತ್ತಾರೆ. ಆದರೂ ಆ ಒಂದು ಬರಹಕ್ಕೆ ಪೆನ್ನು ಮುಟ್ಟುವುದಿಲ್ಲ. ಗಂಡ ಬರೆದು ಮುಗಿಸುವವರೆಗೆ ಪಕ್ಕದಲ್ಲಿ ನಿಂತು ಬೇರೆ ಕಡೆ ನೋಡುತ್ತಾರೆ. ಬರೆದಿಟ್ಟ ಮೇಲೂ ಆ ಕೂಸು ಹುಟ್ಟಿತೆಂಬ ಫೋನ್ ಬರುವ ತನಕ ನಿದ್ದೆ ಸರಿಯಾಗಿ ಬರುವುದಿಲ್ಲವಂತೆ.

ಬಂದವರಿಗೆ ಅವರು ಹೇಳುವ ಬುದ್ಧಿಮಾತು ಚೆನ್ನಾಗಿದೆ, ಬರೆದುಕೊಂಡು ಬಂದೆ. "ಐದು ತುಂಬಿದ್ಮೇಲೆ ಒಂದ್ಸಲ ಹೇಳಿ, ಏಳ್ರಲ್ಲಿ ಇನ್ನೊಂದ್ಸಲ ಬಂದು ನೆನಪು ಮಾಡಿ. ನಮ್ಮಮ್ಮ ಬರ್ತಾರೆ ಅಂತ ಕೂತ್ಕೋಬೇಡಿ. ಅಮ್ಮಂದ್ರು ಬರೋದು ನಿಜ, ನಿಲ್ಲೋದು ಸುಳ್ಳು. ಮೂರು ತಿಂಗ್ಳಿಗೆ ಅಪ್ಪಂಗೆ ಶುಗರ್ ಅಂತ ಫೋನ್ ಬರುತ್ತೆ, ಇಲ್ಲಾ ಸೊಸೆ ಬಸ್ರಿ ಅಂತ ಬರುತ್ತೆ, ಹೊರಟ್ಬಿಡ್ತಾರೆ. ಪಾಪ, ಅವ್ರಿಗೂ ಒಂದು ಮನೆ ಅಂತ ಇರುತ್ತಲ್ಲ. ಆಮೇಲೆ ಕೆಲ್ಸಕ್ಕೆ ಹೋಗೋ ದಿನಾನೇ ತಂದು ಬಿಸಾಕ್ಬೇಡಿ. ಹತ್ತು ದಿನ ಮುಂಚೆಯಿಂದ ತನ್ನಿ. ಮೊದಲ್ನೇ ದಿನ ಅರ್ಧ ಗಂಟೆ, ಎರಡ್ನೇ ದಿನ ಒಂದು ಗಂಟೆ. ಮಗೂಗೆ ನಾನು ಅಭ್ಯಾಸ ಆಗ್ಬೇಕು, ನಿಮ್ಗೆ ಅಳು ನಿಲ್ಲೋದು ಅಭ್ಯಾಸ ಆಗ್ಬೇಕು." ಇಷ್ಟು ಹೇಳಿ ಮೆಲ್ಲಗೆ ಸೇರಿಸುತ್ತಾರೆ, "ಅಳೋದು ಅಂದ್ರೆ ಮಕ್ಕಳಲ್ಲ, ಅಮ್ಮಂದ್ರು."

ಕೇಳಿದವರಿಗೆ ಮಾತ್ರ ಹೇಳಿದ್ದರೆ ಸರಿಯಿತ್ತು. ಅವರು ಈಗ ಬೀದಿಯಲ್ಲೂ ಬಿಡುವುದಿಲ್ಲ. ಸೊಪ್ಪಿನ ಗಾಡಿಯ ಹತ್ತಿರ, ಬಸ್ ಸ್ಟಾಪಿನಲ್ಲಿ, ಗುಡಿಯ ಸಾಲಿನಲ್ಲಿ, ತುಂಬಿದ ಹೊಟ್ಟೆ ಕಂಡರೆ ಸಾಕು, ಹೋಗಿ ಪಕ್ಕದಲ್ಲಿ ನಿಲ್ಲುತ್ತಾರೆ. "ಎಷ್ಟು ತಿಂಗ್ಳು? ಮಗೂನ ಯಾರು ನೋಡ್ಕೋತಾರೆ?" ಕೆಲವರು ದೃಷ್ಟಿಯಾಗುತ್ತದೆಂದು ಸೆರಗು ಎಳೆದುಕೊಂಡು ಹೋಗಿದ್ದಾರೆ. ಒಬ್ಬರ ಅತ್ತೆ ಮನೆಯವರೆಗೂ ಬಂದು ಜಗಳ ಆಡಿ ಹೋಗಿದ್ದಾರೆ. ಹೋದ ವರ್ಷ ಒಬ್ಬಾಕೆ ಮುಖ ಕೆಂಪಗೆ ಮಾಡಿಕೊಂಡು, "ನಾನು ಬಸ್ರಿ ಅಲ್ಲ ಆಂಟಿ, ದಪ್ಪ ಇದೀನಿ ಅಷ್ಟೇ" ಅಂದಳಂತೆ. ಆ ಬೀದಿಯಲ್ಲಿ ಆಂಜನಮ್ಮ ಒಂದು ತಿಂಗಳು ಸೊಪ್ಪು ಕೊಳ್ಳಲು ಹೋಗಲಿಲ್ಲ. ಹೇಳುವಾಗ ನಾವಿಬ್ಬರೂ ನಗುತ್ತೇವೆ. ನಕ್ಕು ಮುಗಿಯುವ ಮೊದಲೇ ಅವರ ಮುಖ ಮತ್ತೆ ಮೊದಲಿನಂತಾಗುತ್ತದೆ.

ಮಧ್ಯಾಹ್ನ ನಾನು ರಿಮ್ಶಾಳನ್ನು ನೋಡಲು ಹೋಗುತ್ತೇನೆ. ಉಮೈರ್‌ಗೆ ಈಗ ಮೂರು ದಾಟಿದೆ. ನರ್ಸರಿಯಿಂದ ಬಂದು ಅಜ್ಜಿ ಪರ್ವೀನ್ ಅವರ ಮಂಚದ ಮೇಲೆ ಕಾರು ಓಡಿಸುತ್ತಿದ್ದಾನೆ. ರಿಮ್ಶಾ ಕಡಿಮೆ ಮಾತಿನ ಹೆಂಗಸು. ಮತ್ತೆ ಕೆಲಸ ಹುಡುಕುತ್ತಿದ್ದಾಳೆ. ಹಲಸೂರು, ಇಂದಿರಾನಗರ, ಕೆ.ಆರ್. ಪುರ ಎಂದು ಈ ವರ್ಷ ಒಂಬತ್ತು ಕಡೆ ಹೋಗಿ ಬಂದಿದ್ದಾಳೆ. "ಮೂರು ವರ್ಷ ಏನ್ ಮಾಡ್ತಿದ್ರಿ ಅಂತ ಕೇಳ್ತಾರೆ. ಮಗೂನ ನೋಡ್ಕೋತಿದ್ದೆ ಅಂದ್ರೆ, ಓ, ಹಂಗಾದ್ರೆ ಏನೂ ಮಾಡ್ತಿರ್ಲಿಲ್ಲ ಅಂತ ಬರ್ಕೋತಾರೆ. ಮಷೀನ್ ಎಲ್ಲಾ ಚೇಂಜ್ ಆಗೋಗಿದೆ ಮೇಡಂ. ಫ್ರೆಷರ್ ತರ ಬನ್ನಿ ಅಂತಾರೆ. ನಮ್ ಲ್ಯಾಬಲ್ಲಿ ಸಣ್ಣ ಮಕ್ಕಳು ಬಂದ್ರೆ ನನ್ನೇ ಕರೀತಿದ್ರು. ಮಕ್ಕಳ ಕೈಯಲ್ಲಿ ನರ ಸಿಗೋದು ಕಷ್ಟ, ನಂಗೆ ಒಂದೇ ಸಲಕ್ಕೆ ಸಿಗ್ತಿತ್ತು."

ಹೇಳುತ್ತಾ ಅವಳ ಹೆಬ್ಬೆರಳು ಎಡಗೈಯ ಮಣಿಕಟ್ಟಿನ ಮೇಲೆ ನರ ಹುಡುಕುವಂತೆ ಆಡುತ್ತದೆ. ನನಗೆ ಅದನ್ನು ನೋಡಲಾಗಲಿಲ್ಲ, ಉಮೈರನ ಕಾರಿನ ಕಡೆ ತಿರುಗಿದೆ.

ಆಂಜನಮ್ಮನ ಮೇಲೆ ಸಿಟ್ಟಿದೆಯೇ ಎಂದು ಕೇಳುತ್ತೇನೆ. "ಸಿಟ್ಟು ಯಾಕೆ ಮೇಡಂ? ಎಲ್ಲಾರೂ ಹೇಳೋದೇ ಆಂಟಿ ಹೇಳಿದ್ರು. ನಮ್ ಅಮ್ಮಿ ಇದ್ದಿದ್ರೂ ಅದನ್ನೇ ಹೇಳ್ತಿದ್ರು." ಮಂಚದ ಕಡೆ ನೋಡಿ ದನಿ ತಗ್ಗಿಸುತ್ತಾಳೆ. "ಆದ್ರೆ ಅವತ್ತು ಅವ್ರ ಮನೆಗೆ ಹೋಗುವಾಗ ನಂಗೆ ತುಂಬಾ ಖುಷಿ ಇತ್ತು. ಎಲ್ಲಾ ಕರೆಕ್ಟಾಗಿ ಮಾಡ್ತಿದೀನಿ ಅನ್ಸಿತ್ತು. ವಾಪಸ್ ಬರ್ತಾ, ನಾನೇ ಏನೋ ತಪ್ಪು ಮಾಡ್ದೆ ಅನ್ಸಿತು. ಆಮೇಲೆ ಬೇರೆ ಎಲ್ಲೂ ಕೇಳೋಕೆ ಹೋಗ್ಲೇ ಇಲ್ಲ. ಅದೊಂದು ನನ್ ತಪ್ಪು."

ಆರೂ ಮುಕ್ಕಾಲಿಗೆ ಆಂಜನಮ್ಮನ ಮನೆಯಿಂದ ಕೊನೆಯ ಕೂಸು ಹೊರಡುತ್ತದೆ. ಯಮುನಾ ನೆಲ ಒರೆಸುತ್ತಿದ್ದಾರೆ. ಆಂಜನಮ್ಮ ಬೆಳಗಿನಿಂದ ಮೊದಲ ಸಲ ಕುಳಿತಿದ್ದಾರೆ, ಕಾಲು ನೀಡಿಕೊಂಡು, ಗೋಡೆಗೆ ಒರಗಿ. ಹತ್ತೊಂಬತ್ತು ವರ್ಷದಲ್ಲಿ ನೂರಮೂವತ್ತಕ್ಕೂ ಹೆಚ್ಚು ಮಕ್ಕಳನ್ನು ತೂಗಿದ್ದಾರೆ. ಒಂದು ಮಗುವೂ ಕೆಳಗೆ ಬಿದ್ದಿಲ್ಲ. ನೂರಮೂವತ್ತು ತಾಯಂದಿರು ಇವರಿಂದಾಗಿ ಕೆಲಸದಲ್ಲಿ ಉಳಿದರಲ್ಲ ಎಂದು ನಾನು ಸಮಾಧಾನ ಹೇಳಲು ನೋಡುತ್ತೇನೆ. "ಅವ್ರು ನಂಗೆ ನೆನಪಿಗೇ ಬರಲ್ಲ," ಎನ್ನುತ್ತಾರೆ.

ಮುಂದೆ ಏನು ಆಸೆ ಎಂಬುದು ನಮ್ಮಂಥ ಬರೆಯುವವರು ಕೊನೆಯಲ್ಲಿ ಕೇಳುವ ಪ್ರಶ್ನೆ. ದೊಡ್ಡ ಜಾಗ, ಇನ್ನೊಬ್ಬ ಸಹಾಯಕಿ ಎಂದೇನಾದರೂ ಹೇಳಬಹುದೆಂದು ಪೆನ್ನು ಹಿಡಿದು ಕಾಯುತ್ತೇನೆ.

"ರಿಮ್ಶಾ ನನ್ನ ಒಂದ್ಸಲ ಬಾಯ್ತುಂಬ ಬೈಬೇಕು," ಎನ್ನುತ್ತಾರೆ ಆಂಜನಮ್ಮ. "ಮಗನ್ನ ಸ್ಕೂಲಿಗೆ ಬಿಡೋಕೆ ದಿನಾ ಈ ಕಡೆಯಿಂದ್ಲೇ ಹೋಗ್ತಾಳೆ. 'ಚೆನ್ನಾಗಿದೀರಾ ಆಂಟಿ' ಅಂತ ಕೇಳ್ತಾಳೆ. ಚೆನ್ನಾಗಿದೀನಿ ಅನ್ನೋಕೆ ನಂಗೆ ಬಾಯಿ ಬರಲ್ಲ. ಕ್ಷಮಿಸಮ್ಮ ಅಂತ ಎರಡ್ಸಲ ಅಂದೆ. ಅಯ್ಯೋ ಬಿಡಿ ಆಂಟಿ ಅಂತ ನಕ್ಬಿಡ್ತಾಳೆ."

ಅವಳು ಬೈಯುವುದಿಲ್ಲ, ನಾನು ಕೇಳಿಕೊಂಡೇ ಬಂದೆ ಎಂದು ಹೇಳುತ್ತೇನೆ.

"ಗೊತ್ತು." ಆಂಜನಮ್ಮ ಎದ್ದು ಖಾಲಿ ಜೋಲಿಗಳನ್ನು ಒಂದೊಂದಾಗಿ ಬಿಚ್ಚಿ ಮಡಿಸತೊಡಗುತ್ತಾರೆ. "ಅಳೋರನ್ನ ಸಮಾಧಾನ ಮಾಡೋದು ಒಂದೇ ಮೇಡಂ ನಂಗೆ ಗೊತ್ತಿರೋ ಕೆಲ್ಸ. ಅಳ್ದೇ ಇರೋರನ್ನ ಹೆಂಗೆ ಸಮಾಧಾನ ಮಾಡೋದು?"